ರಾತ್ರಿ ಹನ್ನೊಂದಕ್ಕ ದೇವ್ರ ಪರ ವಾದಕ್ಕ ಕೂಡೋರಿಗೆ ಒಂದಿಷ್ಟು ಹೆಜ್ಜೆ

2021ರ ಏಪ್ರಿಲ್‌ನ್ಯಾಗ, ರಾಮನವಮಿ ದಿನ, ತಿರುಪತಿ ದೇವಸ್ಥಾನದವ್ರು ಹನುಮಪ್ಪ ಹುಟ್ಟಿದ್ದು ತಿರುಮಲದ ಬೆಟ್ಟದಾಗ ಅಂತ ಘೋಷಣೆ ಮಾಡಿಬಿಟ್ರು. ನಮಗ ಗಂಗಾವತಿ ಕಡಿಯವ್ರಿಗೆ ಹೆಂಗಾಗಬೇಕು ಹೇಳ್ರಿ. ಆನೆಗುಂದಿ ಬಾಜೂಕ ನಮ್ಮ ಅಂಜನಾದ್ರಿ ಐತಿ, ಹನುಮಪ್ಪ ಹುಟ್ಟಿದ್ದು ಅಲ್ಲೇ ಅಂತ ನಮ್ಮ ನಂಬಿಕಿ, 575 ಮೆಟ್ಲ, ಚಡ್ಡಿ ಹಾಕ್ಕೊಂಡಾಗಿಂದ ಅದನ್ನ ಏರಿ ಇಳದವ್ರು ನಾವು. ಅವತ್ತ ರಾತ್ರಿ ಊಟ ಆದ ಮ್ಯಾಲೆ ಫೇಸ್‌ಬುಕ್‌ನ್ಯಾಗ ಕುಂತೆ ನೋಡ್ರಿ, ಒಂದು ಗಂಟೆ ತನಕ ಎದ್ದಿಲ್ಲ. ಒಬ್ಬಾಂವ ವೆಂಕಟರಮಣನ ಫೋಟೋ ಡಿಪಿ ಇಟ್ಕೊಂಡು "ಪುರಾಣ ಓದ್ರಿ ಮೊದ್ಲು" ಅಂತ ಹಾಕಿದ್ದ, ಅವನಿಗೆ ನಾನು "ನಿಮಗ ನಮ್ಮ ತುಂಗಭದ್ರಾ ನೀರೂ ಬೇಕು, ನಮ್ಮ ಹನುಮಪ್ಪನೂ ಬೇಕು" ಅಂತ ಚುಚ್ಚಿದೆ. 40 ಲೈಕ್ ಬಂತು. ಖುಷಿಯಾಗಿ ಮಲ್ಕೊಂಡೆ.

ಮರುದಿನ ಮುಂಜಾನೆ ನನ್ನ ಗೊಬ್ಬರದ ಅಂಗಡಿಗೆ ಪಕ್ಕದ ಕ್ಯಾಂಪಿನ (ಆಂಧ್ರದ ಕಡಿಯಿಂದ ಬಂದು ನೆಲಸಿದ ರೈತರ ಊರಿಗೆ ಹಂಗಂತೀವಿ) ರೈತ ಒಬ್ಬಾಂವ ಡಿಎಪಿ ಕೇಳಾಕ ಬಂದ. ಎಂಟು ಹತ್ತು ವರ್ಷದ ಗಿರಾಕಿ, ಉದ್ರಿ ಇಟ್ರೂ ಸುಗ್ಗಿಗೆ ಸರಿಯಾಗಿ ತಂದು ಕೊಡೋ ಮನುಷ್ಯ. ಚೀಲ ಎತ್ತಿಡೋ ಮುಂದ ಮೆಲ್ಲಕ ಅಂದ, "ಏನಣ್ಣ, ರಾತ್ರಿ ಬಾಳ ಗರಂ ಆಗಿದ್ರಿ. ನಾನೂ ಶನಿವಾರ ಏರೋದು ನಿಮ್ಮ ಬೆಟ್ಟಾನೇ ಅಲ್ಲೇನ್ರಿ." ಡಿಪಿಯ ವೆಂಕಟರಮಣ ಅವನೇ! ಇಲ್ಲೇ ಹುಟ್ಟಿ, ಇಲ್ಲೇ ಗದ್ದಿ ಮಾಡಿ, ನಮ್ಮ ಹನುಮಪ್ಪಗೇ ಕಾಯಿ ಒಡಿಯೋನ್ನ ಹಿಡ್ಕೊಂಡು ಆಂಧ್ರಕ್ಕ ಅಟ್ಟಿದ್ದೆ ನಾನು.

ಅವತ್ತಿಂದ ನಾನು ವಾದ ಬಿಟ್ಟಿಲ್ಲ, ಸುಳ್ಳು ಯಾಕ ಹೇಳ್ಲಿ, ಆದ್ರ ಮಾಡೋ ರೀತಿ ಬದಲಾಗೈತಿ. ನಂಬಿಕಿ ಇಟ್ಕೊಂಡವ್ರು, ಅದು ಯಾವ ದೇವ್ರೇ ಆಗ್ಲಿ, ಮೊಬೈಲ್‌ನ್ಯಾಗ ಅದರ ಪರ ಮಾತಾಡಬೇಕು ಅಂತ ಅನ್ನಿಸಿದಾಗ ಏನು ಮಾಡಬೇಕು, ಯಾವುದು ಮೊದ್ಲು, ಯಾವುದು ಆಮ್ಯಾಲೆ, ನನಗ ತಿಳಿದಷ್ಟು ಬರೀತೀನಿ.

ಮೊದ್ಲು ಕೇಳಿದಾಂವ ಯಾರು ನೋಡ್ರಿ

ಉತ್ತರ ಟೈಪ್ ಮಾಡೋಕಿಂತ ಮುಂಚೆ ಪ್ರೊಫೈಲ್ ಒಮ್ಮೆ ತೆಗೀರಿ. ಹಳೇ ಪೋಸ್ಟ್ ಒಂದ್ ಹತ್ತು ನೋಡಿದ್ರ ಸಾಕು. ನಿನ್ನೆ ಮೊನ್ನೆ ತೆರೆದ ಖಾತೆ, ಊರಿಲ್ಲ ಹೆಸರಿಲ್ಲ, ಬರೇ ಒಂದೇ ಧರ್ಮದ ಮ್ಯಾಲೆ ಬೈಗುಳ ಅಂದ್ರ ಅದು ಜಗಳಕ್ಕಂತನೇ ಒಡ್ಡಿದ ಬಲೆ, ಅದ್ರಾಗ ಕಾಲಿಡಬ್ಯಾಡ್ರಿ. ನೀವು ಸಿಟ್ಟಿನ್ಯಾಗ ಉತ್ತರ ಕೊಟ್ಟಷ್ಟೂ ಆ ಪೋಸ್ಟ್ ಇನ್ನಷ್ಟು ಮಂದಿಗೆ ಮುಟ್ಟತೈತಿ, ಅವನಿಗೆ ಬೇಕಾಗಿದ್ದೂ ಅದೇ.

ಆದ್ರ ಎಲ್ಲಾರೂ ಹಂಗ ಇರಂಗಿಲ್ಲ. ನಮ್ಮ ಅಕ್ಕನ ಮಗ ಬೆಂಗಳೂರಾಗ ಎಂಜಿನಿಯರಿಂಗ್ ಓದ್ತಾನ, ಮನಿ ಗ್ರೂಪಿನ್ಯಾಗ ಒಂದಿನ "ಮಾಮಾ, ಪೂಜಾ ಮಾಡಿದ್ರ ಮಳಿ ಬರ್ತೈತಿ ಅಂತ ನೀ ಖರೇನ ನಂಬ್ತೀಯೇನು" ಅಂತ ಕೇಳಿದ. ಗ್ರೂಪಿನ್ಯಾಗ ಇದ್ದ ಹಿರಿಯರೆಲ್ಲ "ಓದಿ ತಲಿ ಕೆಟ್ಟೈತಿ" ಅಂತ ಮುಗಿಬಿದ್ರು. ಹುಡುಗ ಗ್ರೂಪ್ ಬಿಟ್ಟು ಹೋದ. ಅವ ಕೇಳಿದ್ದು ಕೆಣಕಾಕಲ್ಲ, ಅವನಿಗೇ ಒಳಗ ಏನೋ ಗೊಂದಲ ಇತ್ತು ಅಂತ ದೀಪಾವಳಿಗೆ ಬಂದಾಗ ಗೊತ್ತಾತು. ಇಂಥವ್ರಿಗೆ ಗ್ರೂಪಿನ್ಯಾಗ ಉತ್ತರ ಬ್ಯಾಡ, ಫೋನ್ ಹಚ್ರಿ.

ಆಮ್ಯಾಲೆ ಮಾತು ಯಾವ ಜಾತಿದು ಬ್ಯಾರೆ ಮಾಡ್ರಿ

ಜಾತಿ ಅಂದ್ರ ಆ ಜಾತಿ ಅಲ್ಲ ಮತ್ತ. "ನನಗ ಹನುಮಪ್ಪನ ಮ್ಯಾಲೆ ನಂಬಿಕಿ ಐತಿ" ಅನ್ನೋದು ಒಂದು. "ಈ ಬೆಟ್ಟದಾಗ ಹನುಮಪ್ಪ ಹುಟ್ಟಿದ ಅಂತ ನಮ್ಮ ಕಡಿ ಮಂದಿ ತಲಿತಲಾಂತರದಿಂದ ಹೇಳ್ತಾರ" ಅನ್ನೋದು ಎರಡನೇದು. "ಇಲ್ಲೇ ಹುಟ್ಟಿದ್ದು, ಪುರಾವೆ ಐತಿ, ಉಳಿದವ್ರೆಲ್ಲ ಸುಳ್ಳು" ಅನ್ನೋದು ಮೂರನೇದು. ಮೊದಲನೇದಕ್ಕ ಯಾರೂ ಪುರಾವೆ ಕೇಳಾಕ ಬರಂಗಿಲ್ಲ, ಅದು ನಿಮ್ಮ ಮನಸ್ಸು, ಸಂವಿಧಾನದ 25ನೇ ವಿಧಿಯಾಗ ಅದಕ್ಕ ಜಾಗ ಐತಿ. ಎರಡನೇದನ್ನ ಹೇಳಾಕ ಪಂಪಾ ಸರೋವರ, ಕಿಷ್ಕಿಂಧೆ, ಊರೂರಿನ ಹೆಸರು, ಹಾಡು, ಜಾತ್ರಿ ಇದ್ರ ಸಾಕು, ನಮ್ಮ ಕಡಿ ಅವು ಬೇಕಾದಷ್ಟು ಅದಾವ. ಮೂರನೇದಕ್ಕ ಕೈ ಹಾಕಿದ್ರಿ ಅಂದ್ರ ಕೆಟ್ರಿ. ಯಾಕಂದ್ರ ನಾಸಿಕ್ ಹತ್ರ ಅಂಜನೇರಿ ಐತಿ, ಜಾರ್ಖಂಡಿನ ಗುಮ್ಲಾ ಜಿಲ್ಲೆದಾಗ ಆಂಜನ ಅನ್ನೋ ಊರೈತಿ, ನಮ್ಮ ಗೋಕರ್ಣದವ್ರೂ ನಮ್ಮಲ್ಲೇ ಅಂತಾರ, ಎಲ್ಲಾರ ಕೈಯಾಗೂ ಒಂದೊಂದು ಶ್ಲೋಕ ಐತಿ.

ನಾನು ಅವತ್ತ ರಾತ್ರಿ ಮಾಡಿದ ತಪ್ಪು ಇದೇ. ಎರಡನೇ ಮಾತು ಹೇಳಿ ಸುಮ್ನಾಗೋದು ಬಿಟ್ಟು ಮೂರನೇದಕ್ಕ ಹಾರಿದೆ, ಪುರಾವೆ ಕೈಯಾಗ ಇರಲಿಲ್ಲ, ಅದಕ್ಕ ನೀರಿನ ಸುದ್ದಿ ತೆಗದೆ.

ಇತಿಹಾಸ ಅಂದ್ರ ಹೆಂಗಿರ್ತೈತಿ ಅಂತ ತಿಳೀಬೇಕಂದ್ರ ಕೊಪ್ಪಳಕ್ಕ ಬರ್ರಿ. ಗವಿಮಠದ ಗುಡ್ಡದ ಮ್ಯಾಲೆ ಒಂದು, ಪಾಲ್ಕಿಗುಂಡಿನ್ಯಾಗ ಒಂದು, ಅಶೋಕ ಬರಸಿದ ಅಕ್ಷರ ಬಂಡೆಗಲ್ಲಿನ ಮ್ಯಾಲೆ ಇವತ್ತಿಗೂ ಅದಾವ. ರಾಯಚೂರು ಜಿಲ್ಲೆ ಮಸ್ಕಿಯಾಗ 1915ರಾಗ ಸಿಕ್ಕ ಶಾಸನದಾಗಂತೂ 'ಅಶೋಕ' ಅಂತ ಹೆಸರೇ ಬಂದೈತಿ, ಅಲ್ಲೀ ತನಕ ಸಿಕ್ಕ ಶಾಸನದಾಗೆಲ್ಲ ಬರೇ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಿತ್ತು, ಆ ರಾಜ ಯಾರಂತ ಗಟ್ಟಿ ಆಗಿದ್ದು ನಮ್ಮ ಮಸ್ಕಿ ಕಲ್ಲಿಂದ. ಇದು ಪುರಾವೆ, ಹೋಗಿ ಮುಟ್ಟಿ ನೋಡಬಹುದು. ನಂಬಿಕಿಗೆ ಇಂಥಾ ಕಲ್ಲು ಇರಬೇಕಂತ ಏನಿಲ್ಲ, ಆದ್ರ ಇಲ್ಲದ ಕಲ್ಲನ್ನ ಐತಿ ಅನ್ನಬಾರ್ದು.

ಅಶೋಕನ ಸುದ್ದಿ ಬಂತಲ್ಲ, ಇನ್ನೊಂದು ಹೇಳಿಬಿಡ್ತೀನಿ. ನಮ್ಮ ಬಾಜೂ ಕಲಬುರ್ಗಿ ಜಿಲ್ಲೆ ಸನ್ನತಿಯಾಗ ಅವನ 12ನೇ ಶಾಸನ ಸಿಕ್ಕೈತಿ. ತನ್ನ ಪಂಥದ ಮ್ಯಾಲಿನ ಭಕ್ತಿಗೆ ಅಂತ ತನ್ನದನ್ನೇ ಹೊಗಳಿ ಇನ್ನೊಬ್ರದನ್ನ ತೆಗಳೋನು ತನ್ನ ಪಂಥಕ್ಕೇ ಹೆಚ್ಚು ಕೆಡುಕು ಮಾಡ್ತಾನ, ಮಾತಿಗೆ ಹಿಡಿತ ಇರಬೇಕು, ಅನ್ನೋದು ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇ ಮಾತು. ಆಗ ವಾಟ್ಸಾಪ್ ಇರಲಿಲ್ಲ, ಆದ್ರೂ ಈ ರೋಗ ಇತ್ತು ಅಂತಾತು.

ಫಾರ್ವರ್ಡ್ ಮಾಡೋ ಮುಂಚೆ ಜರಡಿ ಹಿಡೀರಿ

ಇದು ಎಲ್ಲಾಕ್ಕಿಂತ ದೊಡ್ಡ ಹೆಜ್ಜೆ, ಸಾವಕಾಶ ಓದ್ರಿ.

ದೇವ್ರ ಪರ ಅಂತ ನಾವು ಕಳಿಸೋದ್ರಾಗ ಅರ್ಧಕ್ಕರ್ಧ ಜಳ್ಳು ಇರ್ತೈತಿ. ದೀಪಾವಳಿ ರಾತ್ರಿ ಆಕಾಶದಿಂದ ಭಾರತ ಹಿಂಗ ಕಂಡ್ತು ಅಂತ ಒಂದು ಬಣ್ಣಬಣ್ಣದ ಚಿತ್ರ ಪ್ರತಿ ವರ್ಷ ಬರ್ತೈತಲ್ಲ, ನಾನೂ ನಾಕು ವರ್ಷ ಕಳಿಸೀನಿ. ಅದು ದೀಪಾವಳಿ ಚಿತ್ರ ಅಲ್ಲವೇ ಅಲ್ಲ, ಬ್ಯಾರೆ ಬ್ಯಾರೆ ವರ್ಷದ ರಾತ್ರಿ ಬೆಳಕಿಗೆ ಬ್ಯಾರೆ ಬ್ಯಾರೆ ಬಣ್ಣ ಹಚ್ಚಿ, ಊರುಗಳು ಹೆಂಗ ಬೆಳದ್ವು ಅಂತ ತೋರ್ಸಾಕ ಮಾಡಿದ್ದು, 2012ರಾಗ ನಾಸಾನೇ ಅದನ್ನ ತಿಳಿಸಿ ಹೇಳ್ತು. ನನಗ ಇದನ್ನ ಹೇಳಿದಾಂವ ಅದೇ ಅಕ್ಕನ ಮಗ, ಎಲ್ಲಾರ ಮುಂದ. ಆಮ್ಯಾಲೆ ನಾನು ಗ್ರೂಪಿನ್ಯಾಗ ಖರೇ ಸುದ್ದಿ ಹಾಕಿದ್ರೂ "ಮಾಮಾ ಇದೂ ದೀಪಾವಳಿ ಫೋಟೋನಾ" ಅಂತ ನಗೋ ಇಮೋಜಿ ಬರಾಕ ಶುರುವಾದ್ವು. ನೋಡ್ರಿ, ಒಂದು ಸುಳ್ಳು ಚಿತ್ರ ನನ್ನ ನೂರು ಖರೇ ಮಾತಿನ ರೇಟ್ ಇಳಿಸಿಬಿಟ್ತು.

"ಸಂಸ್ಕೃತ ಕಂಪ್ಯೂಟರಿಗೆ ಬೆಸ್ಟ್ ಭಾಷೆ ಅಂತ ನಾಸಾ ಒಪ್ಪಿಕೊಂತು" ಅನ್ನೋದೂ ಹಂಗ. ಅದರ ಬೇರು ಎಲ್ಲೈತಿ ಅಂದ್ರ 1985ರಾಗ ರಿಕ್ ಬ್ರಿಗ್ಸ್ ಅನ್ನೋ ಸಂಶೋಧಕ ಬರದ ಒಂದು ಲೇಖನ, ನಮ್ಮ ಹಳೇ ವೈಯಾಕರಣಿಗಳು ವಾಕ್ಯ ಬಿಡಿಸಿ ಅರ್ಥ ಹಚ್ಚೋ ಕ್ರಮಕ್ಕೂ ಕೃತಕ ಬುದ್ಧಿಮತ್ತೆಯವ್ರು ಜ್ಞಾನ ಜೋಡಿಸೋ ಕ್ರಮಕ್ಕೂ ಹೋಲಿಕಿ ಐತಿ ಅಂತ ಅವ್ರು ಹೇಳಿದ್ರು. ಇದು ಸಣ್ಣ ಮಾತೇನ್ರಿ? ಇಷ್ಟನ್ನೇ ಹೇಳಿದ್ರ ಎದುರಿನಾಂವ ಸುಮ್ನಾಗಿ ಕೇಳ್ತಾನ. ಅದಕ್ಕ ಬಾಲ ಹಚ್ಚಿ ನಾಸಾ ಒಪ್ತು, ಯುನೆಸ್ಕೋ ಒಪ್ತು ಅಂತ ಉಬ್ಬಸಿದ್ರ ಖರೇದೂ ಸುಳ್ಳಿನ ಜೋಡಿ ಕಸದ ಬುಟ್ಟಿಗೆ ಹೋಗ್ತೈತಿ. ನನಗ ಒಂದು ಮಾತು ತಿಳಿಯಂಗಿಲ್ಲ, ದಿನಾ ಮುಂಜಾನೆ ದೇವ್ರಿಗೆ ಕೈ ಮುಗಿಯಾಕ ನಾಸಾದವ್ರ ಪರ್ಮಿಷನ್ ಯಾಕ ಬೇಕು ನಮಗ?

ಇದು ನಮ್ಮೊಬ್ಬರ ರೋಗ ಅಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮ್ಯಾಲೆ ಆಜಾನ್ ಕೇಳಿ ಮುಸ್ಲಿಂ ಆದ್ರು ಅಂತ ಎಷ್ಟೋ ವರ್ಷದಿಂದ ಸುದ್ದಿ ಐತಿ, ಖುದ್ದ ಅವ್ರೇ ಅಲ್ಲ ಅಂದಿದ್ರು, 1983ರಾಗ ಅಮೆರಿಕ ಸರ್ಕಾರ ತನ್ನ ರಾಯಭಾರ ಕಚೇರಿಗಳಿಗೆ ಇದರ ಬಗ್ಗೆ ಸಂದೇಶನೂ ಕಳಿಸ್ತು. ಡಾರ್ವಿನ್ ಸಾಯೋ ಮುಂದ ತನ್ನ ವಿಕಾಸವಾದ ಬಿಟ್ಟು ಯೇಸುವಿಗೆ ಶರಣಾದ ಅನ್ನೋದು ಇನ್ನೊಂದು, ಅವನ ಮಕ್ಕಳೇ ಅದು ಸುಳ್ಳು ಅಂದ್ರು. ಮೂರೂ ಧರ್ಮದವ್ರು ದೊಡ್ಡ ಮನುಷ್ಯರ ಸಾಕ್ಷಿ ಹುಡುಕ್ಕೊಂಡು ಹೋಗಿ ಹಿಂಗ ಕೈ ಸುಟ್ಕೊಂಡಾರ.

ಜರಡಿ ಹಿಡಿಯೋದು ಹೆಂಗ ಅಂದ್ರ, ಫೋಟೋ ಇದ್ರ ಗೂಗಲ್ ಲೆನ್ಸಿಗೆ ಹಾಕ್ರಿ, ಮೊದ್ಲು ಎಲ್ಲಿ ಯಾವಾಗ ಬಂದಿತ್ತು ಅಂತ ಬಾಳಷ್ಟು ಸಲ ಗೊತ್ತಾಗ್ತೈತಿ. ವಾಟ್ಸಾಪಿನ್ಯಾಗ ಸಂದೇಶದ ಮ್ಯಾಲೆ ಜೋಡಿ ಬಾಣ ಇದ್ದು ಬಾಳ ಸಲ ಫಾರ್ವರ್ಡ್ ಆಗೈತಿ ಅಂತ ಬಂದ್ರ, ಅದು ಸಾವಿರ ಕೈ ದಾಟಿ ಬಂದಿರಬಹುದು, ಯಾರ ಮಾತು ಅಂತ ನಿಮಗೂ ಗೊತ್ತಿಲ್ಲ ಕಳಿಸಿದವನಿಗೂ ಗೊತ್ತಿಲ್ಲ. "ವಿಜ್ಞಾನಿಗಳು ಬೆರಗಾದರು" ಅಂತ ಶುರುವಾದ್ರ ಯಾವ ವಿಜ್ಞಾನಿ, ಯಾವ ಊರು, ಯಾವ ವರ್ಷ ಅಂತ ಕೇಳ್ರಿ. ಮೂರಕ್ಕೂ ಉತ್ತರ ಇಲ್ಲಂದ್ರ ಡಿಲೀಟ್.

ವಚನ, ದಾಸರ ಪದ ಹಾಕೋರು ಅಂಕಿತ, ಅಂದ್ರ ಬರದವ್ರ ಗುರುತಾಗಿ ಕೊನೀಗೆ ಬರೋ ದೇವ್ರ ಹೆಸರು, ನೋಡ್ರಿ ಮೊದ್ಲು. ಬಸವಣ್ಣನ ಫೋಟೋ ಬಾಜೂಕ ಯಾವುದೋ ಸಿನಿಮಾ ಡೈಲಾಗಿನಂಥ ಸಾಲು ಬರದು ಕಳಿಸ್ತಾರ, ಕೂಡಲಸಂಗಮದೇವನೂ ಇರಂಗಿಲ್ಲ ಏನೂ ಇರಂಗಿಲ್ಲ. ಅಲ್ಲಮ ಅಂದ್ರ ಗುಹೇಶ್ವರ, ಅಕ್ಕ ಅಂದ್ರ ಚೆನ್ನಮಲ್ಲಿಕಾರ್ಜುನ. ಅಂಕಿತ ಇದ್ರೂ ಪೂರ್ತಿ ನಂಬಬ್ಯಾಡ್ರಿ, ಬೇಕಾದವ್ರು ಅದನ್ನೂ ಹಚ್ಚಿ ಬಿಡ್ತಾರ, ಆದ್ರ ಸರ್ಕಾರದ ಸಮಗ್ರ ವಚನ ಸಂಪುಟ 15 ಅದಾವ, ವಚನ ಸಂಚಯ ಅಂತ ಹುಡುಕಿದ್ರ ಮೊಬೈಲಿನ್ಯಾಗೇ ಶಬ್ದ ಹಾಕಿ ವಚನ ತೆಗೀಬಹುದು, ಒಂದು ನಿಮಿಷದ ಕೆಲಸ. ದಾಸರ ಪದ ಆದ್ರ ನಮ್ಮ ರಾಯಚೂರಿನವ್ರಿಗೆ ಇದನ್ನ ಕಲಿಸಬೇಕಾಗಿಲ್ಲ, ಚೀಕಲಪರ್ವಿಯ ವಿಜಯದಾಸರು ವಿಜಯ ವಿಠ್ಠಲ, ಮೊಸರಕಲ್ಲಿನ ಗೋಪಾಲದಾಸರು ಗೋಪಾಲ ವಿಠ್ಠಲ, ಬ್ಯಾಗವಾಟದ ಜಗನ್ನಾಥದಾಸರು ಜಗನ್ನಾಥ ವಿಠ್ಠಲ. ಆದ್ರೂ ಎಲ್ಲಾನೂ ಪುರಂದರದಾಸರ ಹೆಸರಿಗೆ ಹಾಕಿ ಕಳಿಸ್ತೀವಿ ನಾವು, ನಮ್ಮ ಊರಿನ ದಾಸರಿಗೆ ನಾವೇ ಮೋಸ ಮಾಡ್ತೀವಿ.

ಕುರಾನ್ ಸಾಲು ಹಾಕೋರು ಸೂರಾ (ಅಧ್ಯಾಯ), ಆಯತ್ (ವಾಕ್ಯ) ನಂಬರ್ ಹಾಕ್ರಿ, ಹಿಂದಿನ ಮುಂದಿನ ಆಯತ್ ಓದಿ ಹಾಕ್ರಿ. ಬೈಬಲ್ ಆದ್ರ ಅಧ್ಯಾಯ, ವಚನ, ಜೊತಿಗೆ ಯಾವ ಅನುವಾದ ಅಂತ. ಕನ್ನಡದಾಗ ಬೈಬಲ್ ಒಂದೇ ಅಲ್ಲ, 1810ರಾಗ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅನ್ನೋ ಪಾದ್ರಿ ಶುರು ಮಾಡಿದ ಕೆಲಸ ಅದು, ಆಮ್ಯಾಲೆ ಬ್ಯಾರೆ ಬ್ಯಾರೆಯವ್ರು ತಿದ್ದಿ ತೀಡ್ಯಾರ, ಶಬ್ದ ಬದಲಾಗಿರ್ತಾವ, ಎದುರಿನಾಂವ ಬ್ಯಾರೆ ಪುಸ್ತಕ ತೆಗದು "ಇಲ್ಲಿ ಹಂಗ ಇಲ್ಲಲ್ಲ" ಅಂದ್ರ ನೀವು ಸುಮ್ನ ಸಿಕ್ಕಿಬೀಳ್ತೀರಿ.

ತಪ್ಪು ಇದ್ದಲ್ಲಿ ಹೌದು ಅನ್ರಿ

ಇದು ಕಷ್ಟದ್ದು. ನನಗೂ ಇನ್ನೂ ಪೂರ್ತಿ ಬಂದಿಲ್ಲ.

2021ರಾಗೇ, ನಮ್ಮ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಮಿಯಾಪುರದಾಗ ದಲಿತರ ಮನಿಯ ಎರಡು ವರ್ಷದ ಕೂಸು ಹನುಮಪ್ಪನ ಗುಡಿಯೊಳಗ ಓಡಿ ಹೋತು ಅಂತ, ಗುಡಿ ಶುದ್ಧಿಗೆ ರೊಕ್ಕ ಕೊಡ್ರಿ ಅಂತ ಅವರ ಅಪ್ಪಗ ಕೇಳಿದ್ರು. ದೇಶದ ತುಂಬ ಸುದ್ದಿ ಆತು, ಪೊಲೀಸ್ರು ಮಂದಿನ್ನ ಹಿಡದ್ರು. ಯಾರಾದ್ರೂ ಇದನ್ನ ತಂದು "ಇದೇ ಏನ್ರಿ ನಿಮ್ಮ ಧರ್ಮ" ಅಂದ್ರ ನಮ್ಮವ್ರು ಮೂರು ಉತ್ತರ ಕೊಡ್ತಾರ. ಒಂದು, ಇದು ಸುಳ್ಳು ಸುದ್ದಿ. ಎರಡು, ಅವರ ಧರ್ಮದಾಗ ಇಲ್ಲೇನು. ಮೂರು, ನೀ ಯಾರು ಕೇಳಾಕ. ಮೂರೂ ಸೋಲೋ ಉತ್ತರ. ಅದಕ್ಕ ನಾನು ಈಗ ಬರಿಯೋದು ಇಷ್ಟ, "ಹೌದು, ಆಗೈತಿ, ನಮ್ಮ ಜಿಲ್ಲೆದಾಗೇ ಆಗೈತಿ, ತಪ್ಪು. ಆ ಕೂಸು ದೇವ್ರ ಹತ್ರ ಓಡಿ ಹೋಗಿದ್ದಕ್ಕ ಹನುಮಪ್ಪಗ ಸಿಟ್ಟು ಬಂದಿರಂಗಿಲ್ಲ ಅನ್ನೋದು ನನ್ನ ನಂಬಿಕಿ." ದೇವರ ಹೆಸರಿನ್ಯಾಗ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ ಸುದ್ದಿನೂ ಹಂಗ, 1982ರಾಗ ಕಾಯ್ದೆ ಮಾಡಿ ನಿಲ್ಲಸಬೇಕಾತು, ನಮ್ಮ ಕಡಿ ಜಿಲ್ಲೆದಾಗ ಅದರ ನೋವು ಉಂಡ ಮುದುಕ್ಯಾರು ಇನ್ನೂ ಅದಾರ. ಅದನ್ನ ಸಂಸ್ಕೃತಿ ಅಂತ ಸಮರ್ಥಿಸಾಕ ಕೂತ್ರ ನೀವು ಕಾಯೋದು ದೇವ್ರನ್ನಲ್ಲ, ಮತ್ತೇನನ್ನೋ.

ಈ ಮಾತಿಗೆ ನಮ್ಮವ್ರೇ ಬೈತಾರ, ಅದೂ ಗೊತ್ತಿರ್ಲಿ. "ನೀ ಯಾರ ಕಡಿಯಾಂವ ಲೇ" ಅಂತ ಒಬ್ಬ ದೋಸ್ತ ಆರು ತಿಂಗಳು ಮಾತು ಬಿಟ್ಟಿದ್ದ.

ಬರಿಯೋದು ಹೆಂಗ

ನೇರ ಕಮೆಂಟ್ ಬಾಕ್ಸಿನ್ಯಾಗ ಬರೀಬ್ಯಾಡ್ರಿ. ಮೊದ್ಲು ನೋಟ್ಸಿನ್ಯಾಗ ಬರದು, ನೀರು ಕುಡದು ಬಂದು, ಬಾಯಿ ಬಿಟ್ಟು ಓದ್ರಿ. ನಿಮ್ಮ ಅಪ್ಪ ಬಾಜೂಕ ಕುಂತಿದ್ರ ಇದನ್ನ ಓದ್ತಿದ್ರೇನು ಅಂತ ಯೋಚನಿ ಮಾಡ್ರಿ. ನಾಕು ಸಾಲು ಸಾಕು, ಉದ್ದ ಬರದ್ರ ಯಾರೂ ಓದಂಗಿಲ್ಲ, ಅದ್ರಾಗ ಒಂದು ತಪ್ಪು ಹುಡುಕಿ ಅದನ್ನೇ ಹಿಡ್ಕೊಂಡು ಜಗ್ತಾರ. 'ನೀವು' ಅಂತನೇ ಬರೀರಿ, ಎದುರಿನಾಂವ 'ನೀನು' ಅಂದ್ರೂ. 'ನಿಮ್ಮವ್ರು' ಅನ್ನೋ ಶಬ್ದ ಎಲ್ಲಾರ ಬಂದೈತೇನು ನೋಡಿ ಕಿತ್ತು ಒಗೀರಿ, ಬಾಳ ಕೆಟ್ಟ ಶಬ್ದ ಅದು, ನನ್ನ ಕ್ಯಾಂಪಿನ ಗಿರಾಕಿನ್ನ ಕೇಳ್ರಿ ಬೇಕಾದ್ರ.

ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀಬ್ಯಾಡ್ರಿ, ಅರ್ಥ ಕೆಡ್ತೈತಿ. ಮಾತಾಡಿ ಟೈಪ್ ಮಾಡೋರು ಕಳಿಸೋ ಮುಂದ ಒಮ್ಮೆ ಓದ್ರಿ, ನಮ್ಮ ಕಾಕಾ ಒಬ್ರು "ದರ್ಗಾಕ್ಕ ಹೋಗಿ ಸಕ್ಕರಿ ಓದಿಸಿ ಬಂದ್ವಿ" ಅಂದಿದ್ದು ಫೋನ್ "ದುರ್ಗಾ" ಅಂತ ಬರಕೊಂಡು, ಎರಡೂ ಕಡಿಯವ್ರು ಅವರಿಗೆ ಬುದ್ಧಿ ಹೇಳಾಕ ಬಂದ್ರು.

ಎರಡೂ ಕಡಿಯಿಂದ ಹೊಡ್ತ ಬಿದ್ರ

ಇದು ನಮ್ಮ ಕಡಿಯವ್ರಿಗೇ ಅಂತ ಬರಿಯೋ ಹೆಜ್ಜೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಿರಬೇಕು ನೀವು, ಹುಸೇನಿ ಆಲಂ ದೇವ್ರು ಏಳೋ ರಾತ್ರಿ ಎಲ್ಲೆಲ್ಲಿಂದೋ ಮಂದಿ ಬರ್ತಾರ, ಅದ್ರಾಗ ಯಾರು ಯಾವ ಧರ್ಮ ಅಂತ ಬ್ಯಾರೆ ಮಾಡಾಕ ಆಗಂಗಿಲ್ಲ. ನಮ್ಮ ಹಳ್ಳಿಯಾಗೂ ಅಲಾಯಿ ಕುಣಿ (ಮೊಹರಂ ಬೆಂಕಿ ಹಾಕೋ ಗುಂಡಿ) ತೋಡಿ, ಹುಲಿ ವೇಷ ಹಾಕಿ, ಹೆಜ್ಜಿ ಹಾಕಿ ಕುಣಿಯೋರು ಬಾಳಷ್ಟು ಹಿಂದೂಗಳೇ. ಮೊಹರಂದ ಸಿಹಿ ತಿನಿಸು ಚೊಂಗೆ ನಮ್ಮ ಮನಿಯಾಗೂ ಆಗ್ತೈತಿ. ಇದರ ವಿಡಿಯೋ ಹಾಕಿದ್ರ ಈಗ ಏನಾಗ್ತೈತಿ ಅಂದ್ರ, ಒಬ್ಬಾಂವ ಬಂದು "ಇದು ಇಸ್ಲಾಂ ಅಲ್ಲ" ಅಂತಾನ, ಇನ್ನೊಬ್ಬಾಂವ ಬಂದು "ನೀನು ಹಿಂದೂನೇ ಅಲ್ಲ" ಅಂತಾನ. ಇಬ್ರೂ ನಮ್ಮ ಊರು ನೋಡಿದವ್ರಲ್ಲ.

ನಮ್ಮ ಅಂಗಡಿ ಬಾಜೂಕ ಪಂಕ್ಚರ್ ಹಾಕೋ ಒಬ್ರು ಚಾಚಾ ಅದಾರ, ಅವ್ರ ಮಗ ಯಾವುದೋ ಭಾಷಣದ ವಿಡಿಯೋ ನೋಡಿ "ಅಬ್ಬಾ, ಅಲಾಯಿ ಮುಂದ ನಿಲ್ಲೋದು ತಪ್ಪಂತ" ಅಂದ. ಚಾಚಾ ಅದಕ್ಕ ಯಾವ ಕಿತಾಬೂ ತೆಗೀಲಿಲ್ಲ, "ನಮ್ಮಜ್ಜ ನಿಂತಿದ್ದ, ನಿಮ್ಮ ಗೌಡ್ರ ಅಜ್ಜ ಬೆಂಕಿಗೆ ಕಟಗಿ ಕೊಡ್ತಿದ್ದ, ನೀ ಬರದಿದ್ರ ಬಿಡು, ನಾ ಹೋಗ್ತೀನಿ" ಅಂದ್ರು. ನನಗ ಅನ್ನಸೋದು, ಇಂಥಾ ನಂಬಿಕಿನ ಶಾಸ್ತ್ರದ ಬಲದ ಮ್ಯಾಲೆ ಕಾಯಾಕ ಹೋಗಬ್ಯಾಡ್ರಿ, ಶಾಸ್ತ್ರದಾಗ ಅವರೇ ಗೆಲ್ತಾರ. ನಮ್ಮ ಊರಾಗ ಹಿಂಗ ಐತಿ, ನಾವು ಹಿಂಗ ಮಾಡ್ಕೊಂಡು ಬಂದೀವಿ, ಇಷ್ಟೇ ಹೇಳ್ರಿ, ಎರಡನೇ ಸಲ ಕೇಳಿದ್ರ ಅದನ್ನೇ ಹೇಳ್ರಿ, ಮೂರನೇ ಸಲಕ್ಕ ಮ್ಯೂಟ್ ಮಾಡ್ರಿ.

ಮಾತು ಮೀರಿದ್ರ

ಟೀಕೆ ಬ್ಯಾರೆ, ಬೆದರಿಕಿ ಬ್ಯಾರೆ. ನಿಮ್ಮ ದೇವ್ರು ಇಲ್ಲ ಅಂದ್ರ ಅದು ಅವನ ಅಭಿಪ್ರಾಯ, ಅದಕ್ಕೆಲ್ಲ ಠಾಣೆ ಮೆಟ್ಲು ಹತ್ತಬ್ಯಾಡ್ರಿ. ಬೇಕಂತನೇ, ದುರುದ್ದೇಶದಿಂದ ಧರ್ಮದ ಭಾವನೆ ಕೆಣಕೋದಕ್ಕ ಮೊದ್ಲು ಭಾರತೀಯ ದಂಡ ಸಂಹಿತೆಯಾಗ (ಐಪಿಸಿ) 295ಎ ಅಂತಿದ್ದ ಕಲಂ, 1927ರಾಗ ಬಂದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಾಗ 299 ಆಗೈತಿ, ಮೂರು ವರ್ಷದ ತನಕ ಶಿಕ್ಷೆ ಐತಿ. ಧರ್ಮ ಧರ್ಮದ ನಡುವ ದ್ವೇಷ ಹಚ್ಚೋದಕ್ಕ 196. ಇದು ಎದುರಿನವನಿಗೆ ಎಷ್ಟು ಹತ್ತತೈತೋ ನಿಮಗೂ ಅಷ್ಟೇ ಹತ್ತತೈತಿ, ದೇವ್ರ ಪರ ಬರದೀನಿ ಅಂತ ರಿಯಾಯಿತಿ ಇಲ್ಲ. ಯಾರಾದ್ರೂ "66ಎ ಹಾಕಸ್ತೀನಿ" ಅಂದ್ರ ನಕ್ಕು ಬಿಡ್ರಿ, ಐಟಿ ಕಾಯ್ದೆಯ ಆ ಕಲಂನ ಸುಪ್ರೀಂ ಕೋರ್ಟ್ 2015ರಾಗೇ ತೆಗದು ಹಾಕೈತಿ.

ಜೀವ ಬೆದರಿಕಿ, ಮನಿ ಹೆಣ್ಣುಮಕ್ಕಳ ಫೋಟೋ ಹಾಕೋದು ಇಂಥಾದ್ದು ಬಂದ್ರ ಮೊದ್ಲು ಸ್ಕ್ರೀನ್‌ಶಾಟ್, ಖಾತೆಯ ಹೆಸರು, ಲಿಂಕ್, ತಾರೀಖು, ಟೈಮ್ ಎಲ್ಲಾ ಕಾಣಂಗ ತಗೀರಿ, ಅವ ಡಿಲೀಟ್ ಮಾಡಿದ ಮ್ಯಾಲೆ ಅತ್ರ ಬರಂಗಿಲ್ಲ. ಆಮ್ಯಾಲೆ ಆ ಆ್ಯಪಿನ್ಯಾಗ ರಿಪೋರ್ಟ್ ಮಾಡ್ರಿ, ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ಲಿನ್ಯಾಗ ದೂರು ಕೊಡ್ರಿ, ಇಲ್ಲಾ ಜಿಲ್ಲಾ ಕೇಂದ್ರದಾಗಿನ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗ್ರಿ. ಉತ್ತರಕ್ಕ ಉತ್ತರ ಅಂತ ಅವನ ನಂಬರ್ ತೆಗದು ಗ್ರೂಪಿಗೆ ಹಾಕಬ್ಯಾಡ್ರಿ. 1930 ಅನ್ನೋದು ರೊಕ್ಕ ಹೋದ್ರ ಹಚ್ಚೋ ನಂಬರ್. ಅದೂ ಬೇಕಾಗ್ತೈತಿ, ಯಾಕಂದ್ರ "ಧರ್ಮ ಅಪಾಯದಾಗ ಐತಿ, ಗುಡಿ ಜೀರ್ಣೋದ್ಧಾರಕ್ಕ ಈ ಕ್ಯೂಆರ್ ಸ್ಕ್ಯಾನ್ ಮಾಡ್ರಿ" ಅಂತ ಬರ್ತಾವಲ್ಲ, ಸಿಟ್ಟಿನ್ಯಾಗ ಇದ್ದಾಗ ಮಂದಿ ಕೈ ಬಾಳ ಸಡಿಲ ಇರ್ತೈತಿ ಅಂತ ಕಳ್ಳರಿಗೆ ಗೊತ್ತು.

ಗ್ರೂಪ್ ಅಡ್ಮಿನ್ ಇದ್ದವ್ರು ಗದ್ದಲ ಎದ್ದಾಗ ಅಡ್ಮಿನ್ ಅಷ್ಟೇ ಬರಿಯೋ ಹಂಗ ಮಾಡಿ ಒಂದು ರಾತ್ರಿ ಬಿಡ್ರಿ. ಮುಂಜಾನೆ ತೆರೀರಿ. ಅರ್ಧ ಮಂದಿಗೆ ನೆನಪೇ ಇರಂಗಿಲ್ಲ.

ಊರಾಗಿನವ್ರೇ ಆದ್ರ ಕರೀರಿ

ಕೊಪ್ಪಳದ ಗವಿಸಿದ್ಧಪ್ಪಜ್ಜನ ಜಾತ್ರಿ ಜನವರಿ ಸುಮಾರಿಗೆ ಆಗ್ತೈತಿ, ನೋಡಿದವ್ರಿಗೆ ಹೇಳೋದು ಬ್ಯಾಡ, ಊರೂರಿಂದ ಟ್ರ್ಯಾಕ್ಟರ್‌ನ್ಯಾಗ ಜ್ವಾಳದ ರೊಟ್ಟಿ ಬರ್ತಾವ ಮಠದ ದಾಸೋಹಕ್ಕ. ಒಂದು ವರ್ಷ ನಾನು ತೇರಿನ ಫೋಟೋ ಹಾಕಿದ್ದೆ. ನನ್ನ ಕಾಲೇಜಿನ ದೋಸ್ತ ಒಬ್ಬಾಂವ, ಈಗ ಮಾಸ್ತರ್, ಪಕ್ಕಾ ನಾಸ್ತಿಕ, "ಇಷ್ಟು ರೊಕ್ಕ ಸಾಲಿಗೆ ಹಾಕಿದ್ರ ಎಷ್ಟು ಮಕ್ಕಳು ಓದ್ತಿದ್ರು" ಅಂತ ಬರದ. ನಾನು ಮಠದ ಹಾಸ್ಟೆಲಿನ ಸುದ್ದಿ, ಸ್ವಾಮಿಗಳು ಮುಂದ ನಿಂತು 2019ರಾಗ ಹಿರೇಹಳ್ಳ ಸ್ವಚ್ಛ ಮಾಡಿಸಿದ ಸುದ್ದಿ ಎಲ್ಲಾ ಜೋಡಿಸಿ ಉತ್ತರ ರೆಡಿ ಮಾಡಾಕತ್ತಿದ್ದೆ, ಹೇಳಿದ್ನಲ್ಲ, ನೋಟ್ಸಿನ್ಯಾಗ.

ಅಷ್ಟ್ರಾಗ ನಮ್ಮವ್ವ ಬಂದು ಏನು ಬರ್ಯಾಕತ್ತೀಯೋ ಅಂತ ಕೇಳಿದ್ಲು. ಹೇಳಿದೆ. ಫೋನ್ ಕಸ್ಕೊಂಡು ಅವನಿಗೆ ವಾಯ್ಸ್ ಮೆಸೇಜ್ ಹಾಕಿದ್ಲು, ಎಳ್ಳು ಹಚ್ಚಿ ನೂರಾ ಒಂದು ರೊಟ್ಟಿ ಬಡದ ಕೈ ಅದು, ಹಿಟ್ಟು ಇನ್ನೂ ಉಗುರಾಗ ಇತ್ತು. "ಯಪ್ಪಾ, ರೊಕ್ಕದ ಲೆಕ್ಕ ನನಗ ಗೊತ್ತಿಲ್ಲ, ನಾ ರೊಟ್ಟಿ ಬಡದು ಕಳಿಸೀನಿ, ನೀ ಬಂದು ಉಂಡು ಹೋಗು, ಆಮ್ಯಾಲೆ ಬೈ."

ಬಂದ. ನಾನೇ ಬೈಕಿನ ಮ್ಯಾಲೆ ಕರ್ಕೊಂಡು ಹೋದೆ. ದಾಸೋಹದಾಗ ಅವತ್ತ ಮಿರ್ಚಿ ಬಜಿ ಇತ್ತು, ಸಾಲು ಹಚ್ಚಿ ಕುಂತ್ವಿ, ಅವನ ಬಾಜೂಕ ಯಾರೋ ಯಲಬುರ್ಗಾ ಕಡಿಯ ಮುದುಕ "ಇನ್ನೊಂದು ಹಾಕಸ್ಕೋ ತಮ್ಮಾ" ಅಂತ ಒತ್ತಾಯ ಮಾಡ್ತಿದ್ದ. ವಾಪಸ್ ಬರೋ ಮುಂದ ಕೇಳಿದೆ, ಏನಂತೀಯೋ ಮಾಸ್ತರಾ ಅಂತ. "ದೇವ್ರು ಇಲ್ಲ ಅನ್ನೋದ್ರಾಗ ಏನೂ ಬದಲಿಲ್ಲ" ಅಂದ. ಬಜಿ ಮಾತ್ರ ಆರು ತಿಂದಿದ್ದ.